ರೇಸಿನ ಕೆಮ್ಮು ಎಂದುಕೊಂಡಿದ್ದೆ

ಮೊದಲು ಎಲ್ಲರೂ ನನ್ನನ್ನು ಹೊಗಳಿದರು. ಸೆಪ್ಟೆಂಬರಿನಿಂದ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್‌ವರೆಗೆ ನಾನು ಹನ್ನೊಂದು ಪೌಂಡು ಇಳಿದಿದ್ದೆ. ಸೈಕಲ್ ರೇಸಿನವರಿಗೆ ತೂಕ ಇಳಿಯಿತೆಂದರೆ ಹಬ್ಬ. ಏರು ಹತ್ತುವಾಗ ಒಂದೊಂದು ಪೌಂಡೂ ಕಾಲಿಗೆ ಗೊತ್ತಾಗುತ್ತದೆ. ನಮ್ಮ ತಂಡದ ಕ್ಯಾರಲ್, "ಏನು ತಿನ್ನೋದು ಬಿಟ್ಟೆ? ನನಗೂ ಹೇಳು," ಎಂದಳು. ಕನ್ನಡದವರ ದೀಪಾವಳಿ ಊಟದಲ್ಲಿ ಆಂಟಿಯೊಬ್ಬರು ನನ್ನ ಸೊಂಟ ಹಿಡಿದು ತಮ್ಮ ಸೊಸೆಗೆ ತೋರಿಸಿ, "ನೋಡು, ಎಕ್ಸರ್ಸೈಸ್ ಮಾಡಿದ್ರೆ ಹೀಗಾಗ್ತಾರೆ," ಎಂದರು. ನಾನು ನಾಚಿ ನಕ್ಕೆ. ನಗುವಿನ ಕೊನೆಗೆ ಕೆಮ್ಮು ಬಂತು.

ಆ ಕೆಮ್ಮನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ತೆಗೆದುಕೊಳ್ಳಲಿಲ್ಲ.

ನಾನು ವಿಜಾಪುರದವಳು. ನಮ್ಮ ಕಡೆ ಸೈಕಲ್ ರೇಸಿನ ಹುಚ್ಚು ಮೊದಲಿನಿಂದಲೂ ಇದೆ. ಹದಿನೈದನೆಯ ವಯಸ್ಸಿಗೆ ಅಣ್ಣನ ಕಬ್ಬಿಣದ ಸೈಕಲ್ ಏರಿ, ಚೂಡಿದಾರದ ಕಾಲಿಗೆ ದಾರ ಕಟ್ಟಿಕೊಂಡು, ಸೋಲಾಪುರದ ರಸ್ತೆಯಲ್ಲಿ ನನ್ನ ಮೊದಲ ರೇಸಿಗೆ ಇಳಿದಿದ್ದೆ. ಮೂರನೆಯವಳಾಗಿ ಬಂದೆ, ಇದ್ದವರು ನಾಲ್ವರೇ ಹುಡುಗಿಯರು. ಮದುವೆಯಾದ ಮೇಲೆ ಮೇರಿಲ್ಯಾಂಡಿಗೆ ಬಂದೆವು. ಗಂಡ ಆನಂದ ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರು. ನಾನು ರಸ್ತೆ, ಚರಂಡಿಗಳ ನಕ್ಷೆ ಮಾಡುವ ಒಂದು ಕಂಪನಿಯಲ್ಲಿ ಸಿವಿಲ್ ಎಂಜಿನಿಯರು. ಮಗಳು ಮೇಘಾ ಇಲ್ಲೇ ಹುಟ್ಟಿದವಳು, ಆ ಕೆಮ್ಮು ಬಂದಾಗ ಅವಳಿಗೆ ಆರು ವರ್ಷ. ಪೊಟೊಮ್ಯಾಕ್ ನದಿಯ ಪಕ್ಕದ ರಸ್ತೆಯಲ್ಲಿ ಒಂದು ಭಾನುವಾರ ಹೆಂಗಸರ ಒಂದು ಗುಂಪು ಸೈಕಲ್ ಮೇಲೆ ಗಾಳಿಯ ಹಾಗೆ ನಮ್ಮ ಕಾರನ್ನು ದಾಟಿ ಹೋಗಿತ್ತು. ಮುಂದಿನ ತಿಂಗಳು ನಾನು ಸೆಕೆಂಡ್‌ಹ್ಯಾಂಡ್ ರೇಸ್ ಸೈಕಲ್ ಕೊಂಡೆ. ಮರುವರ್ಷ ಆ ಗುಂಪಿನ ಏಳನೆಯವಳಾದೆ.

ಆ ಗುಂಪು ಚಳಿಗಾಲದಲ್ಲೂ ನಿಲ್ಲುತ್ತಿರಲಿಲ್ಲ. ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಹತ್ತು ಡಿಗ್ರಿ ಕೆಳಗಿದ್ದರೂ ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊರಡಲೇಬೇಕು. ಶೂ ಒಳಗೆ ಪ್ಲಾಸ್ಟಿಕ್ ಚೀಲ, ಜರ್ಸಿಯ ಒಳಗೆ ಎದೆಗೆ ದಿನಪತ್ರಿಕೆ, ಎರಡು ಜೊತೆ ಕೈಗವಸು. ಬಾಟಲಿಗೆ ಬಿಸಿನೀರು ಹಾಕಿಕೊಂಡು ಹೊರಟರೂ ಒಂದು ಗಂಟೆಯಲ್ಲಿ ಅದರ ಬಾಯಿಯ ಹತ್ತಿರ ಮಂಜುಗಡ್ಡೆ ಕಟ್ಟಿ, ಹಲ್ಲಿನಿಂದ ಒಡೆದು ಕುಡಿಯಬೇಕು. ಇಳಿಜಾರಿನಲ್ಲಿ ಕಣ್ಣೀರು ಕಿವಿಯ ಕಡೆಗೆ ಹರಿದು ಅಲ್ಲೇ ಗಟ್ಟಿಯಾಗುತ್ತಿತ್ತು. ಅಂಥ ಗಾಳಿಯನ್ನು ಬಾಯಿ ತೆರೆದು ಎಳೆದುಕೊಂಡ ಮೇಲೆ ಸಂಜೆಯವರೆಗೆ ಎಲ್ಲರೂ ಕೆಮ್ಮುವವರೇ. ಅದಕ್ಕೆ ಅವರು ರೇಸಿನ ಕೆಮ್ಮು ಎನ್ನುತ್ತಿದ್ದರು. ಅವರ ಕೆಮ್ಮು ಸೋಮವಾರಕ್ಕೆ ಹೋಗುತ್ತಿತ್ತು. ನನ್ನದು ಹೋಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

"ಥಂಡಿ ಗಾಳಿಗೆ ಶ್ವಾಸನಾಳ ಬಿಗೀತಾವ," ಎಂದು ಆನಂದ ಒಂದು ಇನ್‌ಹೇಲರ್ ತಂದುಕೊಟ್ಟರು. "ಒಂದ್ ತಿಂಗಳಾ ಸೈಕಲ್ ಬಿಡು, ತಾನಽ ಹೋಗ್ತದ."

"ಒಂದ್ ತಿಂಗಳಾ ಬಿಟ್ರ ಕಾಲು ಹೋಗ್ತಾವ್ರೀ," ಎಂದೆ.

ರಾತ್ರಿ ಮೈ ಬೆವೆತು ಅಂಗಿ ಒದ್ದೆಯಾಗುತ್ತಿತ್ತು. ದಪ್ಪ ರಜಾಯಿಯಿಂದ ಎಂದುಕೊಂಡೆ. ಸಂಜೆ ಮೈ ಬೆಚ್ಚಗೆ, ಕಾಲು ಸೀಸದ ಹಾಗೆ. ತರಬೇತಿ ಜಾಸ್ತಿಯಾಯಿತು ಎಂದುಕೊಂಡೆ. ರೇಸ್ ಮಾಡುವವರ ಹತ್ತಿರ ಪ್ರತಿ ನೋವಿಗೂ ಒಂದು ಕಾರಣ ಸಿದ್ಧವಿರುತ್ತದೆ.

ಡಿಸೆಂಬರಿನಲ್ಲಿ ವರ್ಜೀನಿಯಾದಲ್ಲಿ ಒಂದು ಕೆಸರಿನ ರೇಸ್ ಇತ್ತು. ಅದರಲ್ಲಿ ಹೊಲ, ಕಾಡು, ಕೆಸರಿನಲ್ಲಿ ಸೈಕಲ್ ಓಡಿಸುವುದು. ತೀರಾ ಕಡಿದಾದ ಕಡೆ ಸೈಕಲನ್ನು ಹೆಗಲ ಮೇಲೆ ಹೊತ್ತು ಓಡಿ ಹತ್ತುವುದು. ಹಿಂದಿನ ದಿನ ಹಿಮ ಬಿದ್ದಿತ್ತು. ಎರಡನೆಯ ಸುತ್ತಿನಲ್ಲಿ ದಿಬ್ಬ ಹತ್ತಿ ಮೇಲೆ ನಿಂತಾಗ ಕೆಮ್ಮು ಶುರುವಾಯಿತು, ನಿಲ್ಲಲಿಲ್ಲ. ಬಗ್ಗಿ ಉಗುಳಿದೆ. ಹಿಮದ ಮೇಲೆ ಕುಂಕುಮದ ನೀರು ಚೆಲ್ಲಿದ ಹಾಗೆ ಕಂಡಿತು. ಕಾಲಿನಿಂದ ಕೆಸರು ತಳ್ಳಿ ಮುಚ್ಚಲು ನೋಡಿದೆ. ಅಷ್ಟರಲ್ಲಿ ಹಿಂದಿನಿಂದ ಬಂದ ಕ್ಯಾರಲ್ ನೋಡಿಬಿಟ್ಟಿದ್ದಳು.

ಕ್ಯಾರಲ್‌ಗೆ ಆಗ ಐವತ್ತರ ಹತ್ತಿರ. ಅಂಚೆ ಹಂಚುವ ಕೆಲಸ, ಮೂವತ್ತು ವರ್ಷ ಮನೆಮನೆ ನಡೆದು ಗಟ್ಟಿಯಾದವಳು. ರೇಸಿನ ಮಧ್ಯೆ ಎಂದೂ ನಿಲ್ಲದ ಹೆಂಗಸು ಅವತ್ತು ಸೈಕಲನ್ನು ಕೆಳಗೆ ಒಗೆದು ನನ್ನ ತೋಳು ಹಿಡಿದಳು.

"ಇದು ಎಷ್ಟು ದಿನದಿಂದ?"

"ಇವತ್ತೇ ಮೊದಲು."

"ಇದು ರೇಸಿನ ಕೆಮ್ಮಲ್ಲ," ಎಂದಳು. "ನಡಿ."

ಸೋಮವಾರ ಎಕ್ಸ್‌ರೇ. ಕಾಯುವ ಕೋಣೆಯಲ್ಲಿ ಮೀನಿನ ತೊಟ್ಟಿ ಇತ್ತು, ಕ್ರಿಸ್‌ಮಸ್ ಮರ ಇತ್ತು, ಮೂಗು ಸೋರುವ ಇಬ್ಬರು ಮಕ್ಕಳಿದ್ದರು. ನಾನು ಆ ಮಕ್ಕಳಿಂದ ದೂರ ಕುಳಿತೆ, ಅವರ ನೆಗಡಿ ನನಗೆ ಹತ್ತೀತೆಂದು. ಆಮೇಲೆ ಆ ನೆನಪು ಬಂದಾಗಲೆಲ್ಲ ಮುಖ ಬಿಸಿಯಾಗುತ್ತಿತ್ತು. ಒಳಗೆ ಹೋದ ಹತ್ತು ನಿಮಿಷಕ್ಕೆ ನರ್ಸ್ ಒಬ್ಬಳು ಬಂದು ನನಗೊಂದು ಮಾಸ್ಕ್ ಕೊಟ್ಟಳು. ಅವಳು ಹಾಕಿಕೊಂಡದ್ದು ಬೇರೆ ಥರದ್ದು, ದಪ್ಪನೆಯದು. ಬಾಗಿಲು ಹಾಕಿಕೊಂಡು ಹೋದಳು. ಯಾರ ಬಾಯಿಂದಲೂ ಹೆಸರು ಬರುವ ಮೊದಲೇ ನನಗೆ ಗೊತ್ತಾಯಿತು.

ಬಲಗಡೆಯ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ತೂತು. ಟಿ.ಬಿ. ಕಫದ ಪರೀಕ್ಷೆಯೂ ಅದನ್ನೇ ಹೇಳಿತು. ವಿಜಾಪುರದಲ್ಲಿ ಆ ಹೆಸರನ್ನು ಪೂರ್ತಿ ಹೇಳುತ್ತಿರಲಿಲ್ಲ. ಆಕಿಗೆ ಆ ಬ್ಯಾನಿ ಅದ ಎಂದು ಧ್ವನಿ ಇಳಿಸುತ್ತಿದ್ದರು.

ಆಸ್ಪತ್ರೆಯ ಪಾರ್ಕಿಂಗ್ ಲಾಟಿನಲ್ಲಿ ಆನಂದ ಕೀಲಿ ಹಾಕಿ ಕಾರ್ ಶುರು ಮಾಡದೆ ಕುಳಿತರು. ಗಾಜಿನ ಮೇಲೆ ನಮ್ಮ ಉಸಿರು ಮಂಜಾಗಿ ಕಟ್ಟುತ್ತಿತ್ತು. ನಾನು ಕಿಟಕಿ ಇಳಿಸಿದೆ.

"ನಾ ಡಾಕ್ಟರ್," ಎಂದರು. "ಮೂರ್ ತಿಂಗಳಾ ನನ್ನ ಪಕ್ಕಕ್ಕ ಮಲಗಿ ಕೆಮ್ಮೀದಿ. ಇನ್‌ಹೇಲರ್ ಕೊಟ್ಟೆ ನಾ."

"ನಾನಽ ನಿಮ್ಮ ಮಾತು ಕೇಳಿಲ್ಲಲ್ರೀ."

ರಸ್ತೆಯ ಕಡೆ ನೋಡುತ್ತ ಹೇಳಿದರು, "ಯಾರಿಗೂ ಹೇಳೂದು ಬ್ಯಾಡ. ಕನ್ನಡದವ್ರಿಗಂತೂ ಬ್ಯಾಡಽ ಬ್ಯಾಡ."

ನಾನು ಹೂಂ ಎಂದೆ. ನನಗೂ ಅದೇ ಬೇಕಿತ್ತು.

ಮರುದಿನ ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಆರೋಗ್ಯ ಇಲಾಖೆಯಿಂದ ಗ್ಲೋರಿಯಾ ಬಂದಳು. ಎತ್ತರದ ಕಪ್ಪು ಹೆಂಗಸು, ಊದಾ ಬಣ್ಣದ ಕೋಟು, ಕೈಯಲ್ಲಿ ಮಾತ್ರೆಗಳ ಪೆಟ್ಟಿಗೆ. ನಾಲ್ಕು ಬಗೆಯ ಔಷಧಿ, ಒಟ್ಟು ಹನ್ನೊಂದು ಗುಳಿಗೆ. ಅವಳ ಎದುರಿಗೇ ನುಂಗಬೇಕು. "ನಿಮ್ಮನ್ನ ನಂಬಲ್ಲ ಅಂತಲ್ಲ," ಎಂದಳು. "ನಾನು ಯಾರನ್ನೂ ನಂಬಲ್ಲ. ಹೋದ ವಾರ ಒಬ್ಬ ಪಾದ್ರಿಯ ನಾಲಿಗೆ ಕೆಳಗೂ ನೋಡಿದೆ." ಕಣ್ಣೀರು, ಬೆವರು, ಮೂತ್ರ ಎಲ್ಲ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ ಎಂದಳು. ಆಮೇಲೆ ಒಂದು ಹಾಳೆ ತೆಗೆದಳು.

"ಈಗ ಹೆಸರು ಹೇಳಿ. ಮೂರು ತಿಂಗಳಲ್ಲಿ ಮುಚ್ಚಿದ ಕೋಣೆಯಲ್ಲಿ, ಕಾರಿನಲ್ಲಿ, ಗಂಟೆಗಟ್ಟಲೆ ನಿಮ್ಮ ಜೊತೆ ಇದ್ದವರೆಲ್ಲ."

ಮನೆಯವರ ಹೆಸರು ಹೇಳಿದೆ. ಆಫೀಸಿನಲ್ಲಿ ನನ್ನ ಕೋಣೆಯ ಮೂವರು. ನವೆಂಬರಿನಲ್ಲಿ ನಾರ್ತ್ ಕ್ಯಾರೊಲಿನಾದ ರೇಸಿಗೆ ನಾವು ಏಳು ಜನ ಒಂದೇ ವ್ಯಾನಿನಲ್ಲಿ, ಹೀಟರ್ ಹಾಕಿ ಕಿಟಕಿ ಮುಚ್ಚಿ, ಐದು ಗಂಟೆ ಹೋಗಿ ಐದು ಗಂಟೆ ಬಂದಿದ್ದೆವು. ಆ ಆರೂ ಹೆಸರು ಹೇಳಿದೆ.

"ಬೇರೆ? ಗುಡಿ, ಚರ್ಚು, ಸ್ನೇಹಿತರು?"

ಆನಂದ ನನ್ನ ಮುಖ ನೋಡಿದರು. ಬೇರೆ ಇದ್ದರು. ಪ್ರತಿ ಶನಿವಾರ ನಾನು ವಸುಧಾಳ ಮನೆಯ ಬೇಸ್‌ಮೆಂಟಿನಲ್ಲಿ ಆರು ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದೆ. ವಸುಧಾ ಮೈಸೂರಿನವಳು, ಅಮೆರಿಕದಲ್ಲಿ ನನಗೆ ಸಿಕ್ಕಿದ ಮೊದಲ ಗೆಳತಿ. ಅವಳ ಎರಡನೆಯ ಮಗು ಪುಟ್ಟಿಗೆ ಐದು ತಿಂಗಳು. ಪಾಠ ಮುಗಿದ ಮೇಲೆ ವಸುಧಾ ಅಡುಗೆಮನೆಗೆ ಹೋದರೆ ಪುಟ್ಟಿ ನನ್ನ ತೊಡೆಯ ಮೇಲೆ.

"ಅಷ್ಟೇ," ಎಂದೆ.

ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಈ ಕಾಯಿಲೆಯಲ್ಲಿ ನಾನು ಮಾಡಿದ ತಪ್ಪೆಂದರೆ ಇದೊಂದೇ. ಕೆಮ್ಮನ್ನು ಕಡೆಗಣಿಸಿದ್ದು ತಿಳಿಯದೆ. ಇದು ತಿಳಿದೂ ಮಾಡಿದ್ದು. ಎರಡು ದಿನ ಹಾಗೆಯೇ ಇದ್ದೆ. ಪುಟ್ಟಿಗೆ ಏನೂ ಆಗಿರುವುದಿಲ್ಲ, ವಾರಕ್ಕೆ ಎರಡು ಗಂಟೆ ಅಷ್ಟೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೆಯ ದಿನ ಬೆಳಿಗ್ಗೆ ಗ್ಲೋರಿಯಾ ಮಾತ್ರೆ ಎಣಿಸಿ ಕೊಡುತ್ತ, ಬೇರೆ ಯಾವುದೋ ಮಾತಿನ ನಡುವೆ, ದೊಡ್ಡವರಿಗಿಂತ ಕೂಸುಗಳಿಗೇ ಇದು ಅಪಾಯ, ಮಿದುಳಿಗೆ ಏರಿಬಿಡುತ್ತದೆ ಎಂದಳು. ನನ್ನ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟೆ.

"ಇನ್ನೂ ಎಂಟು ಹೆಸರಿವೆ," ಎಂದೆ. "ಒಂದು ಕೂಸು."

ಅವಳು ಬೈಯಲಿಲ್ಲ. ಪೆನ್ನು ತೆಗೆದು, "ಕೂಸಿನಿಂದ ಶುರು ಮಾಡಿ," ಎಂದಳು. ನನ್ನ ಹೆಸರನ್ನು ಕೌಂಟಿಯವರು ಯಾರಿಗೂ ಹೇಳುವುದಿಲ್ಲ ಎಂದಳು. ಆದರೆ ಶನಿವಾರದ ಪಾಠ ನಿಂತರೆ ಅದು ನಾನೇ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಕೌಂಟಿಯ ಫೋನ್ ಹೋಗುವ ಮೊದಲು ನಾನೇ ವಸುಧಾಗೆ ಫೋನ್ ಮಾಡಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಹಿಂದೆ ಪುಟ್ಟಿಯ ಸದ್ದು ಕೇಳುತ್ತಿತ್ತು.

"ನೀನು ಅವಳಿಗೆ ಮುತ್ತು ಕೊಡ್ತಿದ್ದೆ, ಶೈಲಾ," ಎಂದಳು.

"ಹೌದು."

"ಡಾಕ್ಟರ್ ಮನೇಲಿಟ್ಕೊಂಡು ಗೊತ್ತಾಗ್ಲಿಲ್ವಾ ನಿಂಗೆ?"

ಉತ್ತರ ಕೊಡುವಷ್ಟರಲ್ಲಿ ಫೋನ್ ಇಟ್ಟಳು. ಆಮೇಲೆ ಮೂರು ತಿಂಗಳು ಅವಳ ದನಿ ಕೇಳಲಿಲ್ಲ.

ಕಫದಲ್ಲಿ ಕ್ರಿಮಿ ಕಾಣದಾಗುವವರೆಗೆ ನಾನು ಮನೆಯಲ್ಲೇ ಇರಬೇಕಿತ್ತು. ಮೇಲಿನ ಕೋಣೆ ನನ್ನದು. ಡಿಸೆಂಬರಿನ ಕೊನೆಗೂ ಕಿಟಕಿ ತೆರೆದೇ ಇರಬೇಕು. ಸ್ವೆಟರ್, ಟೋಪಿ ಹಾಕಿಕೊಂಡು ಮಲಗುತ್ತಿದ್ದೆ. ಮೇಘಾ ಮೆಟ್ಟಿಲ ಕೆಳಗೆ ಕುಳಿತು ಊಟ ಮಾಡುತ್ತಿದ್ದಳು, ನಾನು ಮೇಲಿನ ಮೆಟ್ಟಿಲ ಮೇಲೆ ಮಾಸ್ಕ್ ಕೆಳಗೆ ಎಳೆಯಲಾಗದೆ ಅವಳ ಊಟ ನೋಡುತ್ತ ಕೂರುತ್ತಿದ್ದೆ. ಅಂಗಡಿಗೆ ಹೋಗುವಂತಿಲ್ಲ, ಆಫೀಸಿಗೆ ಹೋಗುವಂತಿಲ್ಲ, ಲೈಬ್ರರಿಗೂ ಇಲ್ಲ.

ಐದನೆಯ ದಿನ ಗ್ಲೋರಿಯಾಳನ್ನು ಕೇಳಿದೆ, "ಹೊರಗೆ?"

"ಹೊರಗೆ ಅಂದರೆ?"

"ಬಯಲಿಗೆ. ಒಬ್ಬಳೇ."

ಅವಳು ಕಿಟಕಿಯಾಚೆ ನೋಡಿದಳು. ಹಿಮ ಮೊಣಕಾಲುದ್ದ ಇತ್ತು. "ಹೊರಗಿನ ಗಾಳಿ ದೊಡ್ಡದು. ಅಲ್ಲಿ ಯಾರಿಗೂ ನಿಮ್ಮಿಂದ ಏನೂ ಆಗಲ್ಲ. ಮಾಸ್ಕೂ ಬೇಡ. ಆದರೆ ಈ ಚಳಿಯಲ್ಲಿ ಯಾರು ಹೋಗ್ತಾರೆ?"

ನಾನು ಹೋದೆ. ಮೊದಲ ದಿನ ರಸ್ತೆಯ ತುದಿಯ ಅಂಚೆ ಡಬ್ಬಿಯವರೆಗೆ. ಉಸಿರು ಹತ್ತಿ ಅದನ್ನೇ ಹಿಡಿದು ನಿಂತೆ. ಹಿಂದಿನ ತಿಂಗಳು ನಲವತ್ತು ಮೈಲಿ ತುಳಿದ ಕಾಲು ಮುನ್ನೂರು ಅಡಿಗೆ ನಡುಗಿತು. ಆದರೆ ಮಾಸ್ಕ್ ಇರಲಿಲ್ಲ. ಮುಖಕ್ಕೆ ಗಾಳಿ ಬಡಿಯಿತು, ಮೂಗಿನೊಳಗೆ ಕೂದಲು ಗಟ್ಟಿಯಾಯಿತು. ಒಳಗಿದ್ದಾಗ ನಾನು ಎಲ್ಲರಿಗೂ ಅಪಾಯ. ಹೊರಗೆ ನಾನು ನಡೆಯುತ್ತಿರುವ ಒಬ್ಬ ಹೆಂಗಸು. ಎರಡನೆಯ ದಿನ ಡಬ್ಬಿ ದಾಟಿದೆ. ಜನವರಿಯ ಎರಡನೆಯ ವಾರಕ್ಕೆ ಮನೆಯ ಹತ್ತಿರದ ಕೆರೆಯನ್ನು ಒಂದು ಸುತ್ತು ಹಾಕಿ ಬರುತ್ತಿದ್ದೆ. ಕೆರೆ ಪೂರ್ತಿ ಹೆಪ್ಪುಗಟ್ಟಿತ್ತು, ಬಾತುಗಳು ಅದರ ಮೇಲೆ ಎಡವುತ್ತ ನಡೆಯುತ್ತಿದ್ದವು.

ಅಂಥ ನಡಿಗೆಯಲ್ಲೇ ಅಂಬಕ್ಕತ್ತಿ ನೆನಪಾದಳು. ನನ್ನ ಸೋದರತ್ತೆ. ನಾನು ಏಳೆಂಟು ವರ್ಷದವಳಿದ್ದಾಗ ಅವಳನ್ನು ಹಿತ್ತಲ ಕಡೆಯ ಕೋಣೆಯಲ್ಲಿ ಇಟ್ಟಿದ್ದರು, ತಾಟು ಬೇರೆ, ತಂಬಿಗೆ ಬೇರೆ. ಹೋಗಬೇಡ ಎಂದರೂ ನಾನು ಹೋಗಿ ಅವಳ ಹಾಸಿಗೆಯ ಮೇಲೆ ಕುಳಿತು ಕವಡೆ ಆಡುತ್ತಿದ್ದೆ. ಕ್ರಿಮಿ ಎದೆಯಲ್ಲಿ ಇಪ್ಪತ್ತೈದು ವರ್ಷ ನಿದ್ದೆ ಮಾಡಿ ಎದ್ದೇಳಬಹುದು ಎಂದು ಗ್ಲೋರಿಯಾ ಹೇಳಿದ್ದಳು. ಅವಳಿಂದಲೇ ಬಂತೋ, ಬಸ್ಸಿನಲ್ಲಿ ಯಾರಿಂದಲೋ, ಹೇಳಲಾಗದು. ಅವ್ವ ಫೋನಿನಲ್ಲಿ, "ಅಂಬಕ್ಕನ ಹೆಸರ್ ತಗೀಬ್ಯಾಡ. ನಿನ್ನ ತಂಗಿ ಗಂಡನ ಮನಿಯವ್ರಿಗೆ ಗೊತ್ತಾದೀತು," ಎಂದಳು. ಆಮೇಲೆ, ದನಿ ಬದಲಾಗಿ, "ತತ್ತಿ ತಿನ್ನು. ದಿನಾ ಎರಡು ತಿನ್ನು. ನಾ ಏನೂ ಅನ್ನೂದಿಲ್ಲ," ಎಂದಳು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುತ್ತಿರಲಿಲ್ಲ. ಅವ್ವನಿಗೆ ಎಷ್ಟು ಹೆದರಿಕೆಯಾಗಿದೆ ಎಂದು ನನಗೆ ಆಗ ಗೊತ್ತಾಯಿತು.

ಮನೆಯವರ, ತಂಡದವರ ಚರ್ಮದ ಪರೀಕ್ಷೆ ಆಯಿತು. ಮುಂಗೈಗೆ ಸೂಜಿ ಚುಚ್ಚಿ, ಮೂರನೆಯ ದಿನ ಗಂಟು ಎದ್ದಿದೆಯೇ ಎಂದು ಅಳೆಯುತ್ತಾರೆ. ದೊಡ್ಡ ಗಂಟು ಎದ್ದರೆ ಕ್ರಿಮಿ ಮೈ ಸೇರಿದೆ ಎಂದರ್ಥ, ಆನಂದರಿಗೆ ಎದ್ದಿರಲಿಲ್ಲ. ಮೇಘಾಳ ಕೈ ನೋಡಲು ಗ್ಲೋರಿಯಾ ಬಂದ ದಿನ ನಾನು ಮೇಲಿನ ಮೆಟ್ಟಿಲಲ್ಲೇ ಕುಳಿತಿದ್ದೆ. ಗ್ಲೋರಿಯಾ ಸಣ್ಣ ಅಳತೆಪಟ್ಟಿ ಇಟ್ಟಳು. ಇನ್ನೊಮ್ಮೆ ಇಟ್ಟಳು. ಆನಂದ ಆ ಕಡೆ ತಿರುಗಿ ಗೋಡೆಗೆ ಹಣೆ ಇಟ್ಟರು.

"ಹದಿನಾಲ್ಕು ಮಿಲಿಮೀಟರ್," ಎಂದಳು ಗ್ಲೋರಿಯಾ, ನನಗೆ ಕೇಳುವ ಹಾಗೆ. "ಎಕ್ಸ್‌ರೇ ತೆಗೆಸೋಣ. ಮೊದಲೇ ಅಳಬೇಡಿ."

ನಾನು ಅತ್ತೆ. ಮಾಸ್ಕಿನ ಅಂಚು ಕಿತ್ತಳೆ ಬಣ್ಣವಾಯಿತು. ರಕ್ತ ನೋಡಿದಾಗ, ತೂತು ನೋಡಿದಾಗ ಬರದ ಅಳು ಅವತ್ತು ಬಂತು.

ಎಕ್ಸ್‌ರೇ ಸ್ವಚ್ಛವಾಗಿತ್ತು. ಕ್ರಿಮಿ ಸೇರಿದೆ, ಕಾಯಿಲೆಯಾಗಿಲ್ಲ. ಒಂಬತ್ತು ತಿಂಗಳು ದಿನಕ್ಕೊಂದು ಗುಳಿಗೆ ತೆಗೆದುಕೊಂಡರೆ ಆಗುವುದೂ ಇಲ್ಲ ಎಂದರು. ಆನಂದ ದಿನಾ ಬೆಳಿಗ್ಗೆ ಅದನ್ನು ಪುಡಿ ಮಾಡಿ ಆ್ಯಪಲ್ ಸಾಸಿನಲ್ಲಿ ಕಲಸಿ ಕೊಡುತ್ತಿದ್ದರು. ಮೊದಲ ದಿನ ಮೇಘಾ ಮುಖ ಸೊಟ್ಟ ಮಾಡಿ ನುಂಗಿ, ಮೆಟ್ಟಿಲ ಕೆಳಗಿನಿಂದ ನನ್ನ ಕಡೆ ಬಾಯಿ ತೆರೆದು ತೋರಿಸಿದಳು.

"ಅಮ್ಮಾ, ಲುಕ್! ಆಲ್ ಗಾನ್! ಈಗ ನಾವು ಸೇಮ್ ಟೀಮ್?"

"ಹೌದು, ಸೇಮ್ ಟೀಮ್."

"ಆದ್ರೆ ನಂದು ಓನ್ಲಿ ಒಂದು. ನಿಂದು ಇಲೆವೆನ್. ಯು ಆರ್ ಲೂಸಿಂಗ್."

ತಂಡದಲ್ಲಿ ಗಂಟು ಎದ್ದದ್ದು ಕ್ಯಾರಲ್‌ಗೆ ಒಬ್ಬಳಿಗೆ. ವ್ಯಾನಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕುಳಿತಿದ್ದಳು. ಅವಳಿಗೂ ಆರು ತಿಂಗಳ ಗುಳಿಗೆ, ಅಲ್ಲಿಯವರೆಗೆ ಬಿಯರ್ ಮುಟ್ಟುವಂತಿಲ್ಲ. ಕ್ಷಮೆ ಕೇಳಲು ಫೋನ್ ಮಾಡಿದೆ. "ನಾಯಿ ಕಚ್ಚಿದೆ, ಕಾರ್ ಗುದ್ದಿದೆ, ಮಿಂಚು ಪಕ್ಕದಲ್ಲೇ ಬಿದ್ದಿದೆ," ಎಂದಳು. "ಇದಕ್ಕೆಲ್ಲ ನಾನು ಯಾರ ಮೇಲೂ ಸಿಟ್ಟಾಗಿಲ್ಲ. ಬಿಯರ್ ವಿಷಯಕ್ಕೆ ಮಾತ್ರ ಸ್ವಲ್ಪ ಸಿಟ್ಟಿದೆ." ತಂಡದ ಇನ್ನಿಬ್ಬರು ಮತ್ತೆ ನನ್ನ ಜೊತೆ ಸೈಕಲ್ ಹೊಡೆಯಲಿಲ್ಲ. ಅವರ ಪರೀಕ್ಷೆಯಲ್ಲಿ ಏನೂ ಬಂದಿರಲಿಲ್ಲ. ನಾನು ಕಾರಣ ಕೇಳಲಿಲ್ಲ.

ಜನವರಿಯ ಕೊನೆಗೆ ಮೂರು ಸಲದ ಕಫದಲ್ಲೂ ಏನೂ ಕಾಣಲಿಲ್ಲ. ಗ್ಲೋರಿಯಾ ಬಾಗಿಲಲ್ಲೇ ತನ್ನ ದಪ್ಪ ಮಾಸ್ಕ್ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡಳು. ಆರು ವಾರದಲ್ಲಿ ಮೊದಲ ಸಲ ಅವಳ ಬಾಯಿ ನೋಡಿದೆ. ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಇತ್ತು. ಮೇಘಾ ಮೆಟ್ಟಿಲು ಹತ್ತಿ ಬಂದು ನನ್ನ ತೊಡೆಯ ಮೇಲೆ ಕುಳಿತಳು. ಭಾರವಾಗಿದ್ದಳು.

ಅದೇ ವಾರ ಕ್ಯಾರಲ್ ನನ್ನ ಸೈಕಲನ್ನು ಗ್ಯಾರೇಜಿನಿಂದ ಹೊರಗೆ ತೆಗೆಸಿದಳು. ಡಾಕ್ಟರು ನಿಧಾನಕ್ಕೆ, ಸಪಾಟು ರಸ್ತೆಯಲ್ಲಿ ಮಾತ್ರ ಎಂದಿದ್ದರು. ಫ್ಯಾರನ್‌ಹೀಟಿನಲ್ಲಿ ಇಪ್ಪತ್ತೆರಡು ಡಿಗ್ರಿ, ನೀರು ಹೆಪ್ಪುಗಟ್ಟುವ ಚಳಿ, ರಸ್ತೆಯ ಅಂಚಿಗೆ ಉಪ್ಪು ಬಿಳಿಯಾಗಿ ಒಣಗಿತ್ತು. ನದಿಯ ಪಕ್ಕದಲ್ಲಿ ಎರಡು ಮೈಲಿ ಹೋದೆವು. ಜಾಗಿಂಗ್ ಮಾಡುತ್ತಿದ್ದ ಮುದುಕರೊಬ್ಬರು ನಮ್ಮನ್ನು ದಾಟಿ ಹೋದರು. ಒಂದು ಔಷಧಿಯಿಂದ ಕೀಲುನೋವು ಬಂದಿತ್ತು. ಹ್ಯಾಂಡಲ್ ಹಿಡಿದರೆ ಬೆರಳಿನ ಕೀಲುಗಳೆಲ್ಲ ಹಲ್ಲುನೋವಿನ ಹಾಗೆ ಜುಮ್ಮೆನ್ನುತ್ತಿದ್ದವು. ಮನೆಗೆ ಬಂದು ಬಿಳಿ ಬನಿಯನ್ ತೆಗೆದರೆ ಕಂಕುಳ ಎರಡೂ ಕಡೆ ಕಿತ್ತಳೆ ಕಲೆ. ಎಷ್ಟು ಒಗೆದರೂ ಹೋಗಲಿಲ್ಲ.

ಕನ್ನಡದವರಲ್ಲಿ ಸುದ್ದಿ ಹರಡಿತ್ತು. ಆರು ಮಕ್ಕಳಿಗೂ ಪರೀಕ್ಷೆಯಾಗಿತ್ತು, ಯಾರಿಗೂ ಏನೂ ಇರಲಿಲ್ಲ. ಯುಗಾದಿಗೆ ಒಬ್ಬರ ಮನೆಗೆ ಹೋದೆವು. ಎಲ್ಲರಿಗೂ ಸ್ಟೀಲ್ ತಟ್ಟೆ, ನಮ್ಮ ಮೂವರಿಗೆ ಪೇಪರ್ ಪ್ಲೇಟು. ಆ ಮನೆಯಾಕೆ ಬೇಕೆಂದೇ ಮಾಡಿದರೋ, ತಟ್ಟೆ ಸಾಲಲಿಲ್ಲವೋ ಗೊತ್ತಿಲ್ಲ. ಆನಂದ ತಮ್ಮ ಹೋಳಿಗೆ ಮುಗಿಸಿ, ಎದ್ದು ಅಡುಗೆಮನೆಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಅಂಟಿಸೂ ದಿನಾ ಮುಗದು ಎರಡ ತಿಂಗಳಾತ್ರೀ. ತಟ್ಟಿಯಿಂದ ಅದು ಎಂದೂ ಬರೂದಿಲ್ಲ. ಮೂರ್ ತಟ್ಟಿ ಕೊಡ್ರಿ, ಬೇಕಾದ್ರ ನಾನಽ ತೊಳೀತೀನಿ." ಯಾರಿಗೂ ಹೇಳಬೇಡ ಎಂದಿದ್ದ ಮನುಷ್ಯ. ನಾನು ಕತ್ತು ತಗ್ಗಿಸಿ ಕುಳಿತಿದ್ದೆ, ಆದರೆ ನಾಚಿಕೆಯಿಂದಲ್ಲ.

ವಸುಧಾ ಅಲ್ಲಿಗೆ ಬಂದಿರಲಿಲ್ಲ. ಪುಟ್ಟಿಯ ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಕೂಸು ಎಂದು ಔಷಧಿ ಕೊಟ್ಟಿದ್ದರು. ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡಬೇಕಿತ್ತು. ಆ ಎರಡನೆಯ ಪರೀಕ್ಷೆಯ ಮರುದಿನ ವಸುಧಾ ನಮ್ಮ ಮನೆಯ ಮುಂದೆ ಕಾರ್ ನಿಲ್ಲಿಸಿದಳು. ನಾನು ಹೊರಗೆ ಹೋದೆ. ಪುಟ್ಟಿ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಳು.

"ನೆಗೆಟಿವ್," ಎಂದಳು. "ಔಷಧಿ ನಿಲ್ಸಿದಾರೆ."

"ಒಳಗ ಬಾ."

"ಇಲ್ಲ, ಇಲ್ಲೇ ಹೇಳ್ತೀನಿ. ದಿನಾ ಬೆಳಗ್ಗೆ ಆ ಸಿರಪ್ ಹಾಕುವಾಗ ನಿನ್ನ ಬೈದಿದೀನಿ. ನಿಂಗೆ ಗೊತ್ತಿರ್ಲಿ ಅಂತ."

"ಬೈಬೇಕಾದ್ದಽ," ಎಂದೆ. ಆಮೇಲೆ ಅವಳಿಗೆ ಗೊತ್ತಿಲ್ಲದ್ದನ್ನೂ ಹೇಳಿದೆ. ಮೊದಲ ದಿನ ಅವಳ ಹೆಸರು ಹೇಳಿರಲಿಲ್ಲ ಎಂದೆ. ಎರಡು ದಿನ ಮುಚ್ಚಿಟ್ಟಿದ್ದೆ ಎಂದೆ.

ಅವಳು ಹಿಂದಿನ ಸೀಟಿನ ಕಡೆ ತಿರುಗಿ ಪುಟ್ಟಿಯನ್ನು ನೋಡಿದಳು. "ಎರಡು ದಿನ," ಎಂದಳು. "ಅದನ್ನ ಯಾಕೆ ಹೇಳ್ದೆ ಈಗ?"

"ನೀ ಮತ್ತ ನನ್ನ ತೊಡಿ ಮ್ಯಾಲೆ ಕೂಸು ಬಿಡೂದಿದ್ರ, ಗೊತ್ತಿದ್ದಽ ಬಿಡಬೇಕು."

ಅವಳು ಹೋದಳು. ಒಂದು ತಿಂಗಳ ಮೇಲೆ ಶನಿವಾರದ ಪಾಠ ಮತ್ತೆ ಶುರುವಾಯಿತು, ಆರು ಮಕ್ಕಳ ಬದಲು ಮೂವರು, ಅವಳ ಬೇಸ್‌ಮೆಂಟಿನ ಬದಲು ನಮ್ಮ ಮನೆಯ ಹಿಂದಿನ ಬಯಲು ಜಗಲಿಯಂಥ ಮರದ ಡೆಕ್ಕಿನಲ್ಲಿ. ವಸುಧಾ ಮಗನನ್ನು ಕರೆತಂದು ಬಿಡುತ್ತಾಳೆ, ಕಾಫಿ ಕುಡಿಯುತ್ತಾಳೆ. ನಾವು ಮೊದಲಿನ ಹಾಗಿಲ್ಲ. ಮೊದಲಿನಂತೆ ಆಗಬೇಕೆಂದು ನಾನು ಕಾಯುತ್ತಲೂ ಇಲ್ಲ.

ಜೂನ್ ಕೊನೆಗೆ ಔಷಧಿ ಮುಗಿಯಿತು. ಅಷ್ಟು ದಿನವೂ ಗ್ಲೋರಿಯಾ ಆಫೀಸಿನ ಪಾರ್ಕಿಂಗಿಗೆ ಬಂದು, ನನ್ನ ಕಾರಿನ ಬಾನೆಟ್ ಮೇಲೆ ಮಾತ್ರೆ ಎಣಿಸುತ್ತಿದ್ದಳು. ಕೊನೆಯ ದಿನ ನಾನು ನುಂಗಿ ನಾಲಿಗೆ ಎತ್ತಿ ತೋರಿಸಿದಾಗ, "ಇನ್ನು ನಿಮ್ಮ ನಾಲಿಗೆ ನಿಮ್ಮದೇ," ಎಂದಳು. ಅವಳಿಗೆ ಚಕ್ಕುಲಿ ಕೊಟ್ಟೆ. ಮರುವರ್ಷ ಫೆಬ್ರವರಿಯಲ್ಲಿ ಆ ವರ್ಷದ ಮೊದಲ ರೇಸಿಗೆ ಹೆಸರು ಬರೆಸಿದೆ. ಮೂವತ್ತೊಂದು ಜನರಲ್ಲಿ ಇಪ್ಪತ್ತೊಂಬತ್ತನೆಯವಳು. ಶ್ವಾಸಕೋಶದ ಮೇಲೆ ಒಂದು ಗಾಯದ ಗುರುತು ಉಳಿದಿದೆ. ಏರಿನ ಕೊನೆಯಲ್ಲಿ ಮೊದಲಿನಷ್ಟು ಉಸಿರು ಸಿಗುವುದಿಲ್ಲ. ಅದಕ್ಕೆ ಬೇಗ ಗೇರ್ ಇಳಿಸುತ್ತೇನೆ.

ಅದರ ಮುಂದಿನ ಜನವರಿಯಲ್ಲಿ ಒಂದು ಫೋನ್ ಬಂತು. ಹುಡುಗಿಯ ದನಿ, ಬೆಂಗಳೂರಿನ ಮಾತು. ವರ್ಜೀನಿಯಾಕ್ಕೆ ಬಂದು ಎಂಟು ತಿಂಗಳಾಗಿತ್ತಂತೆ, ಗಂಡ ಸಾಫ್ಟ್‌ವೇರಿನವನು. ಹೆಸರು ಹೇಳಲಿಲ್ಲ. "ಆಂಟಿ, ನಿಮಗೆ... ಯಾರೋ ಹೇಳಿದ್ರು," ಎಂದು ನಿಲ್ಲಿಸಿದಳು. ಆಮೇಲೆ ಕೆಮ್ಮಿದಳು. ಆ ಕೆಮ್ಮು ನನಗೆ ಗೊತ್ತಿತ್ತು.

"ಟಿ.ಬಿ. ಆಗಿತ್ತು," ಎಂದೆ. "ಈಗ ಇಲ್ಲ. ನಿಮಗ ಯಾವಾಗ ಗೊತ್ತಾತು?"

ನಿನ್ನೆ ಎಂದಳು. ನಿನ್ನೆಯಿಂದ ಅಪಾರ್ಟ್‌ಮೆಂಟಿನ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದಳು. ನಾನು ಕಾರಿನಲ್ಲಿ ನಲವತ್ತು ನಿಮಿಷ ಹೋಗಿ, ಕೆಳಗಿನಿಂದ ಫೋನ್ ಮಾಡಿ, ಕೋಟು ಹಾಕಿಕೊಂಡು ಹೊರಗೆ ಬಾ ಎಂದೆ. ಬಂದಳು. ಇಪ್ಪತ್ತೈದು ಇರಬಹುದು. ಸೀರೆಯ ಮೇಲೆ ಗಂಡನ ಜಾಕೆಟ್, ಮಾಸ್ಕು, ಕೈಗೆ ಗವಸಿಲ್ಲ. ಹತ್ತು ಅಡಿ ದೂರದಲ್ಲೇ ನಿಂತುಬಿಟ್ಟಳು.

"ಹತ್ತಿರ ಬರ್ಬೇಡಿ ಆಂಟಿ."

ನನ್ನ ಹೊರಗಿನ ಜೊತೆ ಗವಸು ಬಿಚ್ಚಿ ಅವಳಿಗೆ ಕೊಟ್ಟೆ. "ಮಾಸ್ಕ್ ತಗಿ," ಎಂದೆ. "ಇಲ್ಲಿ ಬ್ಯಾಡ."

ಅವಳು ಸುತ್ತ ನೋಡಿದಳು. ಪಾರ್ಕಿಂಗ್ ಲಾಟ್ ಖಾಲಿಯಿತ್ತು, ಹಿಮವನ್ನು ಬದಿಗೆ ಗುಡ್ಡೆ ಹಾಕಿದ್ದರು. ಕಿವಿಯಿಂದ ಒಂದೊಂದೇ ದಾರ ಬಿಡಿಸಿದಳು. ಬಾಯಿಂದ ಹೊಗೆಯ ಹಾಗೆ ಉಸಿರು ಬಂತು, ಅದನ್ನು ನೋಡಿ ಹೆದರಿ ಬಾಯಿಗೆ ಕೈ ಹಿಡಿದಳು. ಉಸಿರು ನಮ್ಮ ತಲೆಯ ಮೇಲೆ ಹೋಗಿ ಕರಗಿತು. ಅವಳು ಕೈ ತೆಗೆದಳು, ಇನ್ನೊಮ್ಮೆ ಬಿಟ್ಟಳು, ನೋಡಿದಳು. ಆಮೇಲೆ ನಾವಿಬ್ಬರೂ ನಡೆಯತೊಡಗಿದೆವು.